ಹೊಸ್ತಿಲಲ್ಲಿ ಕೆಂಪು ಬೂಟು

ಬಾಡಿಗೆ ಕೇಳಿದ ಕೂಡಲೇ ಬಾಡುವುದು ಹುಲುಗಪ್ಪನ ಮುಖಕ್ಕೆ ರೂಢಿಯಾಗಿತ್ತು. ಪಂಪಮ್ಮ ಹೇಳಿದ ಬಾಡಿಗೆ ಕೇಳಿ ಮಾತ್ರ ಅದು ಬಾಡಲಿಲ್ಲ, ಅರಳಲೂ ಇಲ್ಲ, ಅನುಮಾನದಿಂದ ಗಂಟಿಕ್ಕಿಕೊಂಡಿತು. ಆ ದುಡ್ಡಿಗೆ ಆ ವರ್ಷ ಕಮಲಾಪುರದಲ್ಲಿ ಎಮ್ಮೆ ಕಟ್ಟಲೂ ಜಾಗ ಸಿಗುತ್ತಿರಲಿಲ್ಲ.

ಚೀನಾದವರಿಗೆ ಸಂಡೂರಿನ ಮಣ್ಣಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿದ ಕಾಲ ಅದು. ಗಣಿಯವರೆಲ್ಲ ಧಣಿಗಳಾದರು, ಧಣಿಗಳೆಲ್ಲ ಹೊಸಪೇಟೆಯಲ್ಲಿ ಮನೆ ಹಿಡಿದರು, ಹೊಸಪೇಟೆ ತುಂಬಿ ಕಮಲಾಪುರದ ಮೇಲೂ ಚೆಲ್ಲಿತು. ದನದ ಕೊಟ್ಟಿಗೆಗಳು ಸುಣ್ಣ ಬಳಿಸಿಕೊಂಡು ಗೆಸ್ಟ್‌ಹೌಸುಗಳಾದವು. ದನ ಎಲ್ಲಿ ಹೋದವೆಂದು ಯಾರೂ ಕೇಳಲಿಲ್ಲ. ವಿದ್ಯಾರ್ಥಿಗಳು ಎಲ್ಲಿ ಹೋಗಬೇಕೆಂದಂತೂ ಕೇಳಲೇ ಇಲ್ಲ.

ಹುಲುಗಪ್ಪ ಸಂಡೂರಿನ ಗಣಿ ಸೀಮೆಯ ವಡ್ಡು ಎಂಬ ಊರಿನ ಹುಡುಗ. ಹಂಪಿ ಬಳಿಯ ವಿಶ್ವವಿದ್ಯಾಲಯದಲ್ಲಿ ಜಾನಪದ ಎಂ.ಎ.ಗೆ ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಸಿಕ್ಕಿರಲಿಲ್ಲ. ಊರಿನಿಂದ ದಿನಾ ಓಡಾಡೋಣವೆಂದರೆ ಅದಿರು ಲಾರಿಗಳ ಸಾಲಿಗೆ ಸಿಕ್ಕಿದ ಬಸ್ಸು, ಕ್ಲಾಸು ಮುಗಿದು ಹುಡುಗರು ಮನೆಗೆ ಹೊರಟಾಗ ಬಂದು ತಲುಪುತ್ತಿತ್ತು. ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಅಮಾಸಿ ಒಳಗ ರೂಮ್ ಸಿಕ್ರ ಓದು. ಇಲ್ಲಾಂದ್ರ ನಿಮ್ಮ ಗುಡ್ಡಪ್ಪ ಮಾಮನ ಲಾರಿ ಹತ್ತು. ಕ್ಲೀನರ್ ಬೇಕಂತ ಕುಂತಾನ." ಕೋಣೆ ಸಿಗದಿದ್ದರೆ ಓದಿಗೆ ಕೊನೆ. ಅಮಾವಾಸ್ಯೆ ಹತ್ತಿರ ಬಂದಿತ್ತು.

ಅವನಿಗೆ ಮನೆ ತಪ್ಪಿಸುತ್ತಿದ್ದದ್ದು ಅವನ ಬೂಟು. ಮನೆ ಮಾಲೀಕರು ಆಗ ಬಂದವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ವಡ್ಡುವಿನಿಂದ ಬಂದವನ ಬೂಟಿನ ಮೇಲೆ ಕೆಂಪು ಧೂಳು ಬೆರಳು ದಪ್ಪ ಇರುತ್ತಿತ್ತು. ಕೆಂಪು ಕಂಡರೆ ಗಣಿ ಪಾರ್ಟಿ ಎಂದು ಬಾಡಿಗೆ ಮೂರು ಪಟ್ಟು. ಕಾಲುವೆಯಲ್ಲಿ ತೊಳೆದುಕೊಂಡು ಹೋದರೆ, "ಸ್ಟೂಡೆಂಟಾ? ಖಾಲಿ ಇಲ್ಲಪ" ಎಂದು ಗೇಟು ಹಾಕುತ್ತಿದ್ದರು. ಧೂಳಿದ್ದರೆ ದುಬಾರಿ, ತೊಳೆದರೆ ದಬ್ಬಾಟ.

ಪಂಪಮ್ಮನೂ ಮೊದಲು ಕಾಲನ್ನೇ ನೋಡಿದಳು. ಕಂಪ್ಲಿಯ ಅಕ್ಕಿ ಗಿರಣಿ ಮನೆತನದ ಹೆಣ್ಣು, ಹಣೆತುಂಬ ವಿಭೂತಿ, ಗಂಡ ತೀರಿಕೊಂಡ ಮೇಲೆ ತವರಿನ ಅಕ್ಕಿಯಿಂದ ಸಂಡಿಗೆ ಮಾಡಿ ಹೊಸಪೇಟೆಯ ಅಂಗಡಿಗಳಿಗೆ ಹಾಕುತ್ತಿದ್ದಳು.

"ಎಲ್ಲಿಂದ ಬಂದೀ ತಮ್ಮಾ?"

"ವಡ್ಡುರಿ ಅಮ್ಮಾರ. ಆದ್ರ ನಾ ಗಣಿಯಾವಲ್ರಿ, ಓದಾಕ ಬಂದೀನಿ."

"ಓದು, ಯಾರ್ ಬ್ಯಾಡಂದ್ರು? ಮ್ಯಾಲಿನ ರೂಮ್ ಐತಿ." ಬಾಡಿಗೆ ಹೇಳಿದಳು. ಅವನ ಹುಬ್ಬು ಗಂಟಾಗುವುದನ್ನು ನೋಡಿ ಸೇರಿಸಿದಳು, "ಒಂದ ಕಂಡೀಶನ್. ಬೂಟ್ ತೊಳೀಬಾರ್ದು. ತಂದು ಇಲ್ಲೇ, ಕೆಳಗ ಹೊಸ್ತಿಲ್ ಮುಂದ ಬಿಡ್ಬೇಕು."

"ಯಾಕ್ರಿ?"

"ಯಾಕಂತ ಕೇಳಾವ್ರಿಗೆ ಬಾಡಿಗಿ ಬ್ಯಾರೆ ಐತಿ."

ಹುಲುಗಪ್ಪ ಒಪ್ಪಿ ಅಂದೇ ಚೀಲ ತಂದು ಮೇಲಿಟ್ಟ. ಬೂಟಿಗೆ ಮಾಟ ಮಾಡಿಸುತ್ತಾಳೋ? ರೂಮಿನಲ್ಲಿ ಯಾರಾದರೂ ಸತ್ತಿದ್ದಾರೋ? ಗೋಡೆ ಬಡಿದು ನೋಡಿದ, ಗೋಡೆ ಗಟ್ಟಿಯಿತ್ತು. ನಲ್ಲಿ ತಿರುಗಿಸಿದ, ನೀರು ಬಂತು. ನೀರೂ ಬಂದ ಮೇಲೆ ಅನುಮಾನ ಇಮ್ಮಡಿಯಾಯಿತು.

ಗುಟ್ಟು ತಾನಾಗಿ ಮೆಟ್ಟಿಲು ಹತ್ತಿ ಬಂತು. ಒಂದು ಸಂಜೆ ಕೆಳಗಿನಿಂದ ಗಂಡಸಿನ ದನಿ. ಕೆಳಗಿನ ಭಾಗ ಖಾಲಿ ಇತ್ತು. ಪಂಪಮ್ಮನ ವಾಸ ಹಿತ್ತಲ ಕೋಣೆಯಲ್ಲಿ. ಬಂದವನು ಮುರುಗೇಶ್, ಒಂದು ಗಣಿ ಕಂಪನಿಯ ಮ್ಯಾನೇಜರು, ಬಿಳಿ ಸ್ಕಾರ್ಪಿಯೋದಲ್ಲಿ ಗಣಿಗೆ ಹೋಗಿ ಕೆಂಪು ಸ್ಕಾರ್ಪಿಯೋದಲ್ಲಿ ಬರುವವನು. ಕೆಳಗೆ ಆಫೀಸು ಮಾಡಬೇಕು, ಓಣಿಯಲ್ಲಿ ಲಾರಿ ನಿಲ್ಲಿಸಬೇಕು ಎಂಬುದು ಅವನ ಬಯಕೆ. ಲಾರಿಗಳು ಆಗಲೇ ಬಂದು ನಿಲ್ಲುತ್ತಿದ್ದವು. ಅದಿರು ಹೊತ್ತ ಒಂದೊಂದು ಲಾರಿ ಬಂದಾಗಲೂ ಮನೆ ಅದುರುತ್ತಿತ್ತು.

"ಬಾಡಿಗಿ ಭಾಳ ಆತು ಅವ್ವಾ," ಮುರುಗೇಶ್ ಅನ್ನುತ್ತಿದ್ದ.

"ಬ್ಯಾಡಂದ್ರ ಬಿಡ್ರಿ. ಮ್ಯಾಲೆ ಆಗ್ಲೇ ಒಂದ್ ಪಾರ್ಟಿ ಬಂದು ಕುಂತೈತಿ. ಬೂಟ್ ನೋಡ್ರಲ್ಲಿ. ಅವ್ರು ಕೆಳಗಿಂದೂ ಕೊಡು ಅಂತ ದಿನಾ ಗಂಟು ಬಿದ್ದಾರ."

ಮೇಲೆ 'ಪಾರ್ಟಿ' ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿತ್ತು. ಓಹೋ, ಎಂದುಕೊಂಡಿತು. ಗಾಳಕ್ಕೆ ಹುಳು ಸಿಕ್ಕಿಸುವ ಹಾಗೆ ಹೊಸ್ತಿಲಿಗೆ ಬೂಟು.

ಗುಟ್ಟು ತಿಳಿದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹುಳುವಿನ ಬಾಳು ಮೀನು ಕಚ್ಚುವ ತನಕ ಅಷ್ಟೇ ಎಂದು ಅವನಿಗೆ ಹೊಳೆದಿತ್ತು. ಮುರುಗೇಶ್ ಕೆಳಗಿನದಕ್ಕೆ ಒಪ್ಪಿದರೆ ನಾಳೆ ಮೇಲಿನದನ್ನೂ ಕೇಳುತ್ತಾನೆ. ಆಮೇಲೆ ಮಾವನ ಲಾರಿ.

ಮುರುಗೇಶನೂ ನಿದ್ದೆಗೆಟ್ಟಿದ್ದ. ಯಾವ ಕಂಪನಿಯ ಬೂಟು ಅದು? ಎರಡು ದಿನ ಬಿಟ್ಟು ಮೆಟ್ಟಿಲ ಬುಡದಲ್ಲೇ ಹುಲುಗಪ್ಪನನ್ನು ಅಡ್ಡಗಟ್ಟಿದ.

"ಯಾವ ಕಂಪನಿರಿ ನಿಮ್ದು?"

"ಕಂಪನಿ ಇಲ್ರಿ. ಸ್ಟೂಡೆಂಟ್ ನಾನು."

ಮುರುಗೇಶ್ ಬೂಟು ನೋಡಿದ, ಹುಲುಗಪ್ಪನ ಮುಖ ನೋಡಿದ, ಮತ್ತೆ ಬೂಟು ನೋಡಿ ನಕ್ಕ. "ಹೇಳಬ್ಯಾಡ್ರಿ ಬಿಡ್ರಿ. ನಾನೂ ಹಿಂಗ ಸ್ಟೂಡೆಂಟ್ ಆಗೀನಿ ಭಾಳ ಕಡೆ."

ಅಂದಿನಿಂದ ಸ್ಕಾರ್ಪಿಯೋ ಹುಲುಗಪ್ಪನ ಬೆನ್ನಿಗೆ ಬಿತ್ತು. ಅವನು ಮಾತ್ರ ಪ್ರತಿ ಮಧ್ಯಾಹ್ನ ಮಾಡುವ ಕೆಲಸವನ್ನೇ ಮಾಡುತ್ತಿದ್ದ. ಹೊಸಪೇಟೆ ರಸ್ತೆಯ ಟೀ ಅಂಗಡಿ ಪಕ್ಕ ನಿಂತು, ಹೋಗುವ ಲಾರಿಗಳ ಹಿಂಭಾಗವನ್ನು ಕಣ್ಣು ಕಿರಿದು ಮಾಡಿ ನೋಡುವುದು, ಬಾಯಲ್ಲೇ ಗುನುಗುವುದು, ಮರೆಯುವ ಮೊದಲು ಅಂಗೈ ಮೇಲೆ ಪೆನ್ನಿನಲ್ಲಿ ಗೀಚಿಕೊಳ್ಳುವುದು. ಲಾರಿ ಬೆನ್ನಿನ ಬರಹಗಳು ಅವನ ಪ್ರಬಂಧದ ವಿಷಯ. 'ಹಿಂದೆ ಬಂದ್ರ ಧೂಳು, ಮುಂದೆ ಬಂದ್ರ ಗೋಳು' ಎಂಬುದು ಆ ದಿನದ ಬೇಟೆ. 'ನೋಡಬ್ಯಾಡ, ಮನ್ಯಾಗ ಹೇಳೀನಿ' ಎಂಬುದು ಅದರ ಹಿಂದಿನದು. ಗುಡ್ಡಪ್ಪ ಮಾಮನ ಲಾರಿ ಹಿಂದೆ ಮಾತ್ರ ಬರಹವಿರಲಿಲ್ಲ, ಗುದ್ದಿದ ಗುರುತುಗಳಿದ್ದವು.

ಮುರುಗೇಶ್ ಗಾಜು ಇಳಿಸಿ ನೋಡುತ್ತಿದ್ದ. ಒಬ್ಬ ಮನುಷ್ಯ ಬಿಸಿಲಲ್ಲಿ ನಿಂತು ಒಂದೊಂದೇ ಲಾರಿ ನೋಡಿ ಅಂಗೈ ಮೇಲೆ ಬರೆದುಕೊಳ್ಳುತ್ತಾನೆ! ಅದರಲ್ಲಿ ಎರಡು ಲಾರಿ ಮುರುಗೇಶನವೇ, ಪರ್ಮಿಟ್ಟಿಗಿಂತ ಹೊಟ್ಟೆ ದೊಡ್ಡದಾದವು. ತನಿಖೆಯವರು ವೇಷ ಮರೆಸಿಕೊಂಡು ಓಡಾಡುತ್ತಿದ್ದಾರೆಂದು ಆಗ ಪ್ರತಿ ಟೀ ಅಂಗಡಿಯಲ್ಲೂ ಸುದ್ದಿ. ಅವನು ಗಾಜು ಏರಿಸಿಕೊಂಡ.

ಮಾರನೇ ಬೆಳಿಗ್ಗೆ ಓಣಿಯಲ್ಲಿ ಒಂದೂ ಲಾರಿ ಇರಲಿಲ್ಲ. ಸ್ಕಾರ್ಪಿಯೋ ಬಾಗಿಲಿಗೆ ಬಂತು, ಆದರೆ ಮುರುಗೇಶ್ ಇಳಿಯಲಿಲ್ಲ. ಪಂಪಮ್ಮನನ್ನೇ ಕರೆದು ಓಣಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದ: "ಯವ್ವಾ, ನಮಗ ಮನಿ ಬ್ಯಾಡ. ನೀ ಎಂಥವ್ನ್ನ ಇಟ್ಕೊಂಡೀ ಅಂತ ನಿನಗರ ಗೊತ್ತೈತೇನು? ಅವ ದೊಡ್ಡ ಆಫೀಸರ್!"

ಮೇಲಿನ ಕಿಟಕಿಯಲ್ಲಿ ಹುಲುಗಪ್ಪ ಇದನ್ನು ಕೇಳಿಸಿಕೊಂಡ. ಆಯಿತು, ಮೀನು ಗಾಳ ಸಮೇತ ಓಡಿಹೋಯಿತು. ಇನ್ನು ಹುಳುವನ್ನು ಸಾಕುವ ಹುಚ್ಚು ಯಾರಿಗಿದೆ? ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದ.

ಪಂಪಮ್ಮ ಮೇಲೆ ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬಿಸಿ ಮಿರ್ಚಿ.

"ತಗೋರಿ," ಅಂದಳು.

ತಗೋ ಅಲ್ಲ, ತಗೋರಿ! ಹುಲುಗಪ್ಪನಿಗೆ ಮಿರ್ಚಿಗಿಂತ ಆ 'ರಿ' ಖಾರವಾಗಿ ಹತ್ತಿತು.

"ಅಮ್ಮಾರ, ನಾ ಆಫೀಸರ್ ಅಲ್ರಿ. ಆಣಿ ಮಾಡಿ ಹೇಳ್ತೀನಿ. ಲಾರಿ ಹಿಂದ್ ಬರ್ದಿರ್ತಾರಲ್ರಿ, ಅದ್ನ ಓದ್ತೀನಿ ಅಷ್ಟ."

"ಅಲ್ಲಂತ ಹೇಳಾವ್ರ ಆಫೀಸರ್ರು," ಎಂದು ಅವಳು ಕಣ್ಣು ಕೆಳಗೆ ಹಾಕಿದಳು. "ಚೀಲ ಯಾಕ ಕಟ್ಟಾಕತ್ತೀರಿ? ಬಾಡಿಗಿ ಜಾಸ್ತಿ ಆತೇನ್ರಿ?"

ಚೀಲ ಬಿಚ್ಚಿತು. ಅಮಾವಾಸ್ಯೆ ಬಂತು, ಹೋಯಿತು. ಊರಿನಲ್ಲಿ ಅಪ್ಪ ಗುಡ್ಡಪ್ಪನಿಗೆ ಬೇರೆ ಕ್ಲೀನರನ್ನು ಹುಡುಕಿಕೊಳ್ಳಲು ಹೇಳಿದ. ಓಣಿಗೆ ಗಣಿ ಪಾರ್ಟಿಗಳು ಬರುವುದು ನಿಂತಿತು. ಲಾರಿ ಡ್ರೈವರುಗಳು ಆ ತಿರುವಿನಲ್ಲಿ ತಾಡಪಾಲು ಸರಿಮಾಡಿಕೊಂಡು, ಹಾರ್ನ್ ಕೂಡ ಹಾಕದೆ ದಾಟುತ್ತಿದ್ದರು. ಟೀ ಅಂಗಡಿಯವನು ಹುಲುಗಪ್ಪನ ಬಳಿ ಕಾಸು ಮುಟ್ಟುವುದನ್ನೇ ಬಿಟ್ಟ, ಮಾತೂ ಬಿಟ್ಟ. ಎದುರು ಮನೆಯ ವಿರುಪಮ್ಮನಿಗೆ ಬಾಡಿಗೆಯವರೇ ಸಿಗದೆ, ಕೊನೆಗೆ ಇಬ್ಬರು ವಿದ್ಯಾರ್ಥಿಗಳನ್ನು ಕರೆದು ಕೂರಿಸಿ ಚಹ ಕೊಟ್ಟು ರೂಮು ಕೊಟ್ಟಳು. ಮುರುಗೇಶ್ ಬೆಲೆ ಏರಿಸಿದ್ದ ಓಣಿಯನ್ನು ಮುರುಗೇಶನ ಭಯವೇ ಇಳಿಸಿತು.

ಒಂದು ಮಧ್ಯಾಹ್ನ ಪಂಪಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಳು. ಸೀರೆ ಹಾಸಿ ಅದರ ಮೇಲೆ ಸಾಲುಸಾಲಾಗಿ ಇಟ್ಟ ಸಂಡಿಗೆಗಳು ಅಚ್ಚ ಬಿಳಿ. ಹಿಂದಿನ ವರ್ಷ ಅವು ಒಣಗುವುದರೊಳಗೆ ಲಾರಿಗಳ ಧೂಳಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದವಂತೆ, ಅಂಗಡಿಯವರು ಹಾಗೆಯೇ ವಾಪಸು ಕಳಿಸುತ್ತಿದ್ದರಂತೆ.

"ಕೆಳಗಿನ ಮನಿ ಖಾಲಿ ಬಿದ್ದೈತಿ," ಅಂದಳು. "ನಿಮ್ಮ ಕ್ಲಾಸಿನ ಹುಡುಗ್ರು ಯಾರರ ಅದಾರೇನು?"

"ಐದ್ ಮಂದಿ ಅದಾರ್ರಿ. ಬಾಡಿಗಿ...?"

"ನಿಮ್ಗ ಹಾಕಿದ್ದ ಲೆಕ್ಕಾನ."

ಹುಲುಗಪ್ಪ ಖುಷಿಯಲ್ಲಿ ಮೆಟ್ಟಿಲು ಇಳಿಯತೊಡಗಿದ. ಆಗ ಹಿಂದಿನಿಂದ ಅವಳ ದನಿ ಬಂತು, ಹಿಟ್ಟು ಮೆತ್ತಿದ ಕೈ ಜಾಡಿಸುವ ಸಪ್ಪಳದ ಜೊತೆ.

"ಅವ್ರಿಗೆ ಹೇಳು ತಮ್ಮಾ, ಕಾಲ್ ತೊಳ್ಕೊಂಡ್ ಒಳಗ ಬರಾಕ. ನಿನ್ ಬೂಟ್ ಮಾತ್ರ ಹಂಗ ಇರ್ಲಿ."

ತಮ್ಮಾ?

'ರಿ' ಎಲ್ಲಿ ಹೋಯಿತೆಂದು ಅವನು ತಿರುಗಿ ನೋಡಿದ. ಪಂಪಮ್ಮ ತಲೆ ಎತ್ತಲಿಲ್ಲ. ಬಿಳಿ ಸಂಡಿಗೆಯ ಪಕ್ಕ ಇನ್ನೊಂದು ಬಿಳಿ ಸಂಡಿಗೆ ಇಡುತ್ತಿದ್ದಳು.