ಸಾಕ್ಷಿಗೆ ಹೋದೋಳಿಗೆ ಮಡಿಲಕ್ಕಿ

ಬಾಯಿ ಜೋರು ಅಂತ ದೇವಸಮುದ್ರದಲ್ಲಿ ನನಗೆ ಹೆಸರು. ರೇಣುಕಮ್ಮನ ಹತ್ರ ಜಗಳಕ್ಕೆ ನಿಂತೋರು ನೀರು ಕುಡೀಬೇಕು ಅಂತಿದ್ರು. ಅಂಥ ಬಾಯಿ ತಗೊಂಡು ತೊಂಬತ್ತೇಳನೇ ಇಸವಿ ಬೇಸಿಗೇಲಿ ಚಳ್ಳಕೆರೆ ಕೋರ್ಟಿಗೆ ಸಾಕ್ಷಿ ಹೇಳೋಕೆ ಹೋದೆ. ಒಂದು ದಿನದ ಕೆಲಸ ಅಂದ್ಕೊಂಡಿದ್ದೆ, ಐದು ದಿನ ಆತು.

ನಾನು ನೋಡಿದ್ದು ಇಷ್ಟೇ. ಹಿಂದಿನ ವರ್ಷ ಚಳ್ಳಕೆರೆ ಸಂತೆ ಮುಗಿಸ್ಕೊಂಡು ಊರಾಚೆ ಬಸ್ಸಿಗೆ ನಿಂತಿದ್ದೆ. ಎಣ್ಣೆ ಮಿಲ್ಲಿನ ಹಾಲೇಶಪ್ಪನೋರ ಜೀಪು ಬಂದು ಕುರಿ ಕಾಯೋ ಬೊಮ್ಮಣ್ಣಂಗೆ ಗುದ್ದಿಬಿಡ್ತು. ಮನುಷ್ಯ ಅಲ್ಲೇ ಹೋಗಿಬಿಟ್ಟ. ಸ್ಟೇರಿಂಗ್ ಕಡೆಯಿಂದ ಇಳಿದೋನು ಹಾಲೇಶಪ್ಪನೋರ ಮಗ ಚಂದ್ರಶೇಖರ್. ಡ್ರೈವರ್ ಪಾಲಾಕ್ಷ ಇಳಿದಿದ್ದು ಈಚೆ ಬಾಗಿಲಿಂದ. ಕೇಸು ಬಿದ್ದಿದ್ದು ಮಾತ್ರ ಪಾಲಾಕ್ಷನ ಮೇಲೆ. ಅವನ ಹೆಂಡ್ತಿ ಮುದ್ದಕ್ಕ ನನ್ನ ಹುಡುಕ್ಕೊಂಡು ನಮ್ಮೂರಿಗೇ ಬಂದು, "ನೋಡಿದ್ದು ನೀನೊಬ್ಳೇ ಅಕ್ಕ, ನೀನು ಹೇಳ್ದಿದ್ರೆ ಅವ್ನು ಜೈಲಿಗೆ ಹೋಗ್ತಾನೆ" ಅಂತ ಅತ್ತಿದ್ಲು. "ನೋಡಿದ್ದನ್ನ ನೋಡ್ದಂಗೆ ಹೇಳ್ತೀನಿ, ಸುಮ್ನಿರು" ಅಂದಿದ್ದೆ.

ಮೊದಲ ದಿನ ಸಂಜೆ ತನಕ ಕೂತರೂ ನನ್ನ ಹೆಸರು ಕೂಗ್ಲಿಲ್ಲ. ನಾಳೆ ಬಾ ಅಂದ್ರು. ಮೊಳಕಾಲ್ಮೂರಿನ ಕಡೆ ಬಸ್ಸು ಹೋಗಿಬಿಟ್ಟಿತ್ತು. ಮುದ್ದಕ್ಕನನ್ನ ಮಿಲ್ಲಿನ ಮನೆಯಿಂದ ಖಾಲಿ ಮಾಡಿಸಿದ್ರು, ಅಣ್ಣನ ಮನೆ ಜಗಲಿ ಮೇಲೆ ಮಕ್ಕಳು ಕಟ್ಕೊಂಡು ಮಲಗ್ತಿದ್ಲು. ಏನು ಮಾಡೋದು ಅಂತ ನಿಂತಿದ್ದಾಗ ಹಾಲೇಶಪ್ಪನೋರ ಹೆಂಡ್ತಿ ವೀರಮ್ಮನೋರು ಬಂದ್ರು. ಚಿಕ್ಕೋಳಿದ್ದಾಗ ಅವರ ಅಂಗಳದಲ್ಲಿ ನಾನು ಕಡ್ಲೆಕಾಯಿ ಸುಲಿಯೋಕೆ ಹೋಗ್ತಿದ್ದೆ.

"ರೇಣುಕಿ ಅಲ್ವೇನೆ? ಬಸ್‌ಸ್ಟ್ಯಾಂಡಿನಾಗೆ ಮಲಗ್ತೀಯಾ? ನಡಿ ಮನೆಗೆ."

ಮುದ್ದಕ್ಕ ನನ್ನ ಸೆರಗು ಹಿಡ್ಕೊಂಡು, "ಹೋಗಬ್ಯಾಡಕ್ಕ" ಅಂದ್ಲು.

"ಉಂಡ್ರೇನಾತು, ಬಾಯಿ ನಂದೇ ಅಲ್ವಾ" ಅಂದು ಹೋದೆ. ಎಷ್ಟು ಕೊಬ್ಬು ನನಗೆ.

ಅವತ್ತು ಜಗಲಿ ಮೇಲೆ ಸ್ಟೀಲ್ ತಟ್ಟೇಲಿ ಬಡಿಸಿದ್ರು. ಉಂಡು ತಟ್ಟೆ ತೊಳೆದಿಟ್ಟೆ. ನಮ್ಮಂಥೋರಿಗೆ ಅಲ್ಲೇ ಅಂತ ನನಗೂ ಗೊತ್ತು, ಬೇಜಾರೇನಾಗ್ಲಿಲ್ಲ.

ಎರಡನೇ ದಿನ ಜಡ್ಜ್ ಸಾಹೇಬ್ರು ರಜ. ಮುದ್ದಕ್ಕ ಕೋರ್ಟಿನ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಕಡ್ಲೆಕಾಯಿ ಚಟ್ನಿ ನನ್ನ ಮುಂದಿಟ್ಲು. ಬೆಳಿಗ್ಗೆ ವೀರಮ್ಮನೋರ ಮನೇಲಿ ಉಪ್ಪಿಟ್ಟು, ಬಾಳೆಹಣ್ಣು, ಎರಡು ಲೋಟ ಕಾಫಿ ಆಗಿತ್ತು. "ಹೊಟ್ಟೆ ತುಂಬೈತೆ ಕಣೆ" ಅಂದೆ. ಅವಳು ಬುತ್ತಿ ಮತ್ತೆ ಗಂಟು ಕಟ್ಕೊಂಡ್ಲು.

ಚಳ್ಳಕೆರೆಗೆ ನಾನು ನೂರು ಸಲ ಬಂದಿದ್ದೆ. ಬಸ್ಸಿಳಿದು ಕೂಲಿನೋ ಸಂತೆನೋ ಮಾಡಿ ಮತ್ತೆ ಬಸ್ಸು ಹತ್ತಿದ್ದೇ ಬಂತು. ಊರಲ್ಲಿ ಇರೋದಂದ್ರೆ ಏನು ಅಂತ ಗೊತ್ತಾಗಿದ್ದು ಆಗ. ಬೆಳಿಗ್ಗೆ ಐದಕ್ಕೆ ನಲ್ಲಿ ಬಿಡ್ತಾರೆ, ಬೀದಿಗೆ ಬೀದಿಯೇ ಕೊಡ ಹಿಡ್ಕೊಂಡು ನಿಲ್ಲುತ್ತೆ. ಮಿಲ್ಲುಗಳು ಶುರುವಾದ್ರೆ ಕಡ್ಲೆಹಿಂಡಿ ವಾಸನೆ ಬಂದು ಒಣಹಾಕಿದ ಸೀರೆಗೂ ಹಿಡಿಯುತ್ತೆ. ಮಧ್ಯಾಹ್ನ ಮ್ಯಾಟ್ನಿ ಶೋ, ಪಕ್ಕದ ಮನೆಯೋರೆಲ್ಲ ಸೇರಿ ಒಂದೇ ಸಾಲಲ್ಲಿ ಕೂತ್ಕೊಳ್ಳೋದು. ಸಂಜೆ ಗಾಡಿಯಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ ಕಟ್ಟೆ ಮೇಲೆ ಕೂತು ಊರೋರ ಸುದ್ದಿ ಆಡೋದು. ಯಾವ ಅಂಗಡಿಯೋನು ತೂಕದಲ್ಲಿ ಹೊಡೀತಾನೆ, ಯಾರ ಸೊಸೆ ಮುನಿಸ್ಕೊಂಡು ಹೋಗವ್ಳೆ, ಎಲ್ಲಾ ನನಗೆ ಬಾಯಿಪಾಠ ಆಗೋತು. ನಾಲ್ಕನೇ ದಿನ ನಲ್ಲಿ ಹತ್ರ ಯಾವಳೋ ನುಗ್ಗಿದ್ಲು ಅಂತ, "ನೀನ್ಯಾವೂರೋಳೇ, ಇಲ್ಲಿ ಸರದಿ ಐತೆ ಗೊತ್ತಾಗಲ್ವಾ?" ಅಂತ ಜಾಡಿಸಿದೆ. ಬೀದಿಯೋರೆಲ್ಲ ನನ್ನ ಪರ ನಿಂತ್ರು. ಖುಷಿಯಾತು, ಸುಳ್ಳು ಯಾಕೆ ಹೇಳ್ಲಿ. ಕೋರ್ಟಲ್ಲಿ ಮಾತ್ರ ಅವತ್ತೂ ನನ್ನ ಸರದಿ ಬರ್ಲಿಲ್ಲ.

ಆದ್ರೆ ಮೂರನೇ ದಿನಕ್ಕೇ ನನಗೆ ಉಸಿರು ಕಟ್ಟೋಕೆ ಶುರುವಾಗಿತ್ತು. ಅವತ್ತು ವಕೀಲರು ಯಾರೋ ತೀರಿಹೋದ್ರು ಅಂತ ಕೋರ್ಟು ಬೇಗ ಎದ್ದಿತ್ತು. ಮನೆಗೆ ಬಂದ್ರೆ ವೀರಮ್ಮನೋರು ನನ್ನ ಅಡಿಗೆಮನೆ ಒಳಗೇ ಕರೆದು ತಮ್ಮ ಪಕ್ಕದಲ್ಲೇ ಮಣೆ ಹಾಕಿದ್ರು. ಆ ಮನೇಲಿ ನಮ್ಮೋರು ಯಾರೂ ಆ ಹೊಸಿಲು ದಾಟಿರಲಿಲ್ಲ. ತುಪ್ಪ ಬಿಡ್ತಾ, "ನಿನ್ನ ತವರಲ್ಲಿ ಯಾರಿದಾರೆ?" ಅಂದ್ರು. ಅವ್ವ ಹೋಗಿ ಹನ್ನೆರಡು ವರ್ಷ ಆತು, ಅಣ್ಣ ತಮ್ಮಂದಿರಿಲ್ಲ ಅಂದೆ. ಹೇಳ್ತಾ ಅಳು ಬಂದುಬಿಡ್ತು. ಪಂಚಮಿಗೆ ಊರ ಹೆಣ್ಮಕ್ಕಳೆಲ್ಲ ತವರಿಗೆ ಹೋದ್ರೆ ನಾನು ಕುರಿಹಟ್ಟಿ ಗುಡಿಸ್ತಾ ಇರ್ತಿದ್ದೆ.

ತಲೆ ಸವರಿದ್ರು. ಆ ಕೈ ನನ್ನ ತಲೆ ಮೇಲೆ ಇದ್ದಷ್ಟು ಹೊತ್ತೂ ನನಗೆ ಮುದ್ದಕ್ಕನ ರೊಟ್ಟಿ ಗಂಟೇ ಕಣ್ಣಿಗೆ ಕಟ್ತಿತ್ತು.

"ಅಮ್ಮಾರೇ, ನಾನು ಬೇರೆ ಎಲ್ಲಾದ್ರೂ ಇರ್ತೀನಿ" ಅಂದೆ.

"ಯಾಕೆ? ಈ ಮೂರು ದಿನದಾಗೆ ನಾನೇನಾದ್ರೂ ಕೇಸಿನ ಸುದ್ದಿ ಎತ್ತಿದ್ನಾ?"

ಎತ್ತಿರಲಿಲ್ಲ. ಹಾಲೇಶಪ್ಪನೋರೂ ಎತ್ತಿರಲಿಲ್ಲ. ಬೆದರಿಸಿದ್ರೆ, ನೋಟು ತೋರಿಸಿದ್ರೆ ಮುಖಕ್ಕೆ ಉಗಿದು ಬರ್ತಿದ್ದೆ, ಆ ಬಾಯಿ ನನಗೆ ಇತ್ತು. ಉಣ್ಣೋಕಿಕ್ಕಿ ತಲೆ ಸವರೋರಿಗೆ ಏನು ಅನ್ನೋದು? ಗೇಟು ತೆರೆದೇ ಇತ್ತು. ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋಗಿ, ಪಕ್ಕದ ಮನೆಯೋಳು ಮಾತಾಡಿಸಿದಳು ಅಂತ ವಾಪಸ್ ಬಂದೆ. ಛೀ, ಅವತ್ತೇ ಓಡಬೇಕಿತ್ತು.

ಐದನೇ ದಿನ ಬೆಳಿಗ್ಗೆ ತಲೆಗೆ ಎಣ್ಣೆ ಒತ್ತಿ ನೀರು ಹಾಕಿದ್ರು. ಮೊಳಕಾಲ್ಮೂರು ರೇಷ್ಮೆ ಸೀರೆ ಉಡಿಸಿದ್ರು. ನಮ್ಮ ತಾಲ್ಲೂಕಿನ ಸೀರೆಯೇ, ಅಲ್ಲೀತನಕ ನನ್ನ ಮೈಗೆ ತಾಗಿರಲಿಲ್ಲ. ದೇವರ ಮುಂದೆ ಮಣೆ ಮೇಲೆ ಕೂರಿಸಿ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟಕು, ಎಲೆ ಅಡಿಕೆ ನನ್ನ ಮಡಿಲಿಗೆ ತುಂಬಿದ್ರು. ಮಡಿಲಕ್ಕಿ ಅಂದ್ರೆ ಮಗಳಿಗೆ ತುಂಬೋದು. ಸೆರಗು ಒಡ್ಡಬಾರದು ಅಂತ ಮನಸ್ಸು ಹೇಳ್ತಾನೇ ಇತ್ತು, ಕೈ ಒಡ್ಡಿಬಿಡ್ತು.

"ತವರಿಲ್ಲ ಅಂದ್ಯಲ್ಲ, ಇವತ್ತಿಂದ ಇದೇ ನಿನ್ನ ತವರು" ಅಂದ್ರು ವೀರಮ್ಮನೋರು. "ಇನ್ಮೇಲೆ ನನ್ನ ಅವ್ವ ಅನ್ನು. ಚಂದ್ರು ನಿನ್ನ ತಮ್ಮ."

ಚಂದ್ರಶೇಖರ್ ಬಂದು ನನ್ನ ಕಾಲಿಗೆ ಬಿದ್ದ. ಆಗ ಗೊತ್ತಾತು, ನನ್ನ ಬಾಯಿ ಹೊಲಿದಾಗಿತ್ತು.

ಅವತ್ತೇ ನನ್ನ ಹೆಸರು ಕೂಗಿದ್ರು. ಕಟಕಟೆ ಹತ್ತಿ ಪ್ರಮಾಣ ಮಾಡಿದೆ. ಪಾಲಾಕ್ಷನ ವಕೀಲರು ಕೇಳಿದ್ರು, "ಜೀಪು ಓಡಿಸ್ತಿದ್ದೋರು ಯಾರಮ್ಮ?"

ಹಿಂದಿನ ಬೆಂಚಿನಲ್ಲಿ ಅವ್ವ ಕೂತಿದ್ರು, ಪಕ್ಕದಲ್ಲಿ ತಮ್ಮ. ಬಾಗಿಲ ಹತ್ರ ಮುದ್ದಕ್ಕ ನಿಂತಿದ್ಲು, ಕಂಕುಳಲ್ಲಿ ಅದೇ ಗಂಟು.

"ಧೂಳೆದ್ದಿತ್ತು ಸ್ವಾಮಿ. ಕಾಣ್ಲಿಲ್ಲ."

ಮೂರು ಸಲ ಕೇಳಿದ್ರು. ಮೂರು ಸಲವೂ ಅದೇ ಅಂದೆ. ಪಾಲಾಕ್ಷ ನನ್ನ ಮುಖ ನೋಡ್ಲಿಲ್ಲ. ಆಚೆ ಬಂದಾಗ ಮುದ್ದಕ್ಕ ಬೈತಾಳೆ, ಮಣ್ಣು ತೂರ್ತಾಳೆ ಅಂದ್ಕೊಂಡಿದ್ದೆ. ಅವಳು ಹೋಗಿ ಮರದ ಕೆಳಗೆ ಕೂತ್ಲು. ಅವತ್ತು ಬುತ್ತಿ ಬಿಚ್ಚಲಿಲ್ಲ.

ಪಾಲಾಕ್ಷನಿಗೆ ಒಂದೂವರೆ ವರ್ಷ ಜೈಲಾತು. ವೀರಮ್ಮನೋರು ಕೊಟ್ಟ ಮಾತು ತಪ್ಪಲಿಲ್ಲ. ತಪ್ಪಿದ್ರೆ ಚೆನ್ನಾಗಿತ್ತು. ಪ್ರತಿ ಪಂಚಮಿಗೂ ಚಂದ್ರಶೇಖರನೇ ಕಾರು ತಂದು ಕರೀತಾನೆ. ನನ್ನ ಗಂಡ ಯತ್ತಪ್ಪನಿಗಂತೂ ಹೆಮ್ಮೆಯೋ ಹೆಮ್ಮೆ. ಹೋಗಲ್ಲ ಅಂದ್ರೆ, "ತವರು ಬಂದು ಕರೆದ್ರೆ ಒಲ್ಲೆ ಅಂತಾಳೆ, ತಲೆ ಕೆಟ್ಟೈತೇನೆ?" ಅಂತಾನೆ. ಯಾಕೆ ಒಲ್ಲೆ ಅಂತ ಅವನಿಗೆ ಹೇಗೆ ಹೇಳ್ಲಿ.

ಮೊದಲ ಪಂಚಮಿಗೆ ಹೋದಾಗ ಅಡಿಗೆಮನೇಲಿ ಅದೇ ಮಣೆ ಹಾಕಿದ್ರು. ಹಿತ್ತಲ ಒಲೆ ಮುಂದೆ ಯಾರೋ ರೊಟ್ಟಿ ಬಡೀತಿದ್ರು. "ಪಾಪ, ಗಂಡ ಜೈಲಿನಾಗೆ, ಮಕ್ಕಳಿಗೆ ಗಂಜಿಗೂ ಗತಿ ಇಲ್ಲ ಅಂತ ಅವಳನ್ನೂ ಕೆಲಸಕ್ಕಿಟ್ಕೊಂಡೆ" ಅಂದ್ರು ವೀರಮ್ಮನೋರು. ಮುದ್ದಕ್ಕ ಸಜ್ಜೆ ರೊಟ್ಟಿ, ಕಡ್ಲೆಕಾಯಿ ಚಟ್ನಿ ತಂದು ಹೊಸಿಲಾಚೆಯಿಂದ ನನ್ನ ಎಲೆ ಹತ್ರ ಸರಿಸಿದ್ಲು.

"ಇವತ್ತಾದ್ರೂ ಹೊಟ್ಟೆ ಖಾಲಿ ಐತೇನಕ್ಕ?" ಅಂದ್ಲು, ಮೆಲ್ಲಗೆ.

ಊರಲ್ಲೆಲ್ಲ ಜೋರು ಅನ್ನಿಸ್ಕೊಂಡ ಬಾಯಿಗೆ ರೊಟ್ಟಿ ಮುರಿದು ಹಾಕ್ಕೊಂಡು ತಿಂದೆ.

"ಇನ್ನೊಂದು ಕೊಡೇ ನನ್ನ ಮಗಳಿಗೆ" ಅಂದ್ರು ವೀರಮ್ಮನೋರು.

ಮುದ್ದಕ್ಕ ಕೊಟ್ಲು. ಅದನ್ನೂ ತಿಂದೆ.