ಅಕ್ಕನ ಕಿವಿ, ತಮ್ಮನ ಫೋನು

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಅಂಗಡಿಯಲ್ಲಿ ಅಕ್ಕ ತಮ್ಮ ಇಬ್ಬರೇ. ಅಪ್ಪ ಕಲಿಸಿದ ಕೆಲಸ. ಅಪ್ಪ ಹೋದ ಮೇಲೆ ಮೂವತ್ತು ವರ್ಷ ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂತು ದುಡಿದಿದ್ದರು. ತಮ್ಮನ ಕೈ ಚುರುಕು, ಆದರೆ ಯಂತ್ರದ ರೋಗ ಪತ್ತೆ ಹಚ್ಚುವುದರಲ್ಲಿ ಅಕ್ಕನದೇ ಎತ್ತಿದ ಕೈ. ಬಿಚ್ಚುವ ಮೊದಲೇ ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿ, ತಲೆ ಓರೆ ಮಾಡಿ ಕೇಳಿ, "ಸೂಜಿ ಶಟಲ್‌ಗೆ ತಾಗ್ತಿದೆ" ಎಂದೋ "ಒಳಗೆ ಎಣ್ಣೆ ಒಣಗಿದೆ" ಎಂದೋ ಹೇಳಿಬಿಡುತ್ತಿದ್ದಳು. ಗಿರಾಕಿಗಳು ಬಾಗಿಲಲ್ಲೇ ಕೇಳುತ್ತಿದ್ದದ್ದು ಒಂದೇ ಮಾತು: "ಅಕ್ಕ ಇದಾರಾ?"

ಅಂಥವಳಿಗೆ ಐವತ್ತೆಂಟಕ್ಕೆ ಕಿವಿ ಮಂದವಾಯಿತು. ತಮ್ಮನೇ ಮುಂದೆ ನಿಂತು ಕರೆದುಕೊಂಡು ಹೋದ. ಕಿವಿ ತಪಾಸಣೆ ಮಾಡುವ ಹುಡುಗಿ ಎರಡು ಬಗೆಯ ಶ್ರವಣಯಂತ್ರ ತೋರಿಸಿದಾಗ, "ಅಕ್ಕನಿಗೆ ಒಳ್ಳೇದೇ ಇರ್ಲಿ" ಎಂದು ವೈರ್ ಇಲ್ಲದೆ ಫೋನಿಗೆ ಜೋಡಿಸಬಹುದಾದದ್ದನ್ನೇ ಆರಿಸಿದವನೂ ಅವನೇ. ಅದರಲ್ಲಿ ಫೋನಿನ ಮಾತು ನೇರ ಕಿವಿಯೊಳಗೇ ಬರುತ್ತದೆ; ಟಿವಿ ಪಕ್ಕ ಒಂದು ಪುಟ್ಟ ಪೆಟ್ಟಿಗೆ ಇಟ್ಟರೆ ಟಿವಿಯದ್ದೂ ಬರುತ್ತದೆ; ಎದುರಿಗಿರುವವರ ಅಂಗಿಗೆ ಸಿಕ್ಕಿಸುವ ಮೈಕೂ ಸಿಗುತ್ತದೆ. ಧ್ವನಿ ಏರಿಸುವುದು, ಇಳಿಸುವುದು ಎಲ್ಲ ಫೋನಿನಲ್ಲೇ. ಅಕ್ಕನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. "ಸದ್ಯಕ್ಕೆ ನನ್ನ ಫೋನಿಗೇ ಹಾಕ್ಲಿ ಬಿಡು, ಹೇಗೂ ದಿನಾ ಅಂಗಡೀಲಿ ಜೊತೆಗೇ ಇರ್ತೀವಲ್ಲ" ಎಂದ ತಮ್ಮ.

ಮೊದಲ ವಾರ ಇಬ್ಬರಿಗೂ ಅದೊಂದು ಆಟ. ತಮ್ಮನಿಗೆ ಬಂದ ಕರೆ ಅಕ್ಕನ ಕಿವಿಯಲ್ಲಿ ಹೋಗಿ ಕೂತಿತು. "ನಿನ್ನ ಹೆಂಡ್ತಿ ಬರುವಾಗ ಸೋಪು ತರೋಕೆ ಹೇಳಿದ್ಲು" ಎಂದು ಅಕ್ಕ ಮೇಜಿನಾಚೆಯಿಂದ ವರದಿ ಒಪ್ಪಿಸಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವನು ತನ್ನ ಕರೆಗಳು ಅವಳ ಕಿವಿಗೆ ಹೋಗದ ಹಾಗೆ ಮಾಡಿದ. ಧ್ವನಿಯ ಹಿಡಿತ ಮಾತ್ರ ಅವನ ಫೋನಿನಲ್ಲೇ ಉಳಿಯಿತು.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಯಾಕೋ ಅಂಗಡಿಯಲ್ಲಿ ಮಾತು ಮಬ್ಬಾಗತೊಡಗಿತು. ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದೂ ಕೇಳುತ್ತಿತ್ತು. ಅಂಗಡಿಯಲ್ಲಿ ಗಿರಾಕಿ ಬಾಯಿ ಬಿಟ್ಟರೆ ಸಾಕು, ಹತ್ತಿ ತುರುಕಿದ ಹಾಗೆ. ಸದ್ದಿನ ಜಾಗ, ಹಾಗೇ ಇರಬೇಕು ಎಂದುಕೊಂಡಳು. ಒಂದು ದಿನ ಯಂತ್ರದ ಸದ್ದು ಕೇಳಲಾರದೆ ಅಂದಾಜಿಗೆ ಏನೋ ಹೇಳಿ, ಅದು ತಪ್ಪಾಗಿ, ಗಿರಾಕಿಯ ಎದುರು ಮುಖ ಸಪ್ಪಗಾಯಿತು. ಅವತ್ತು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅತ್ತಳು. ತಮ್ಮ ನೀರು ತಂದುಕೊಟ್ಟು, ಬೆನ್ನು ಸವರಿ, "ವಯಸ್ಸಾಯ್ತಲ್ಲ ಅಕ್ಕ. ಗಿರಾಕಿಗಳನ್ನ ನಾನು ನೋಡ್ಕೋತೀನಿ. ನೀನು ಒಳಗೆ ಬಾಬಿನ್ ಗೀಬಿನ್ ನೋಡ್ಕೊಂಡು ಆರಾಮಾಗಿರು" ಎಂದ. ಎಂಥ ತಮ್ಮನನ್ನು ಪಡೆದೆ ಎಂದು ಅವಳ ಎದೆ ತುಂಬಿ ಬಂತು.

ಹೀಗೆ ಎಂಟು ತಿಂಗಳು ಕಳೆದವು. ವರ್ಷದ ತಪಾಸಣೆಗೆ ಅಕ್ಕ ಒಬ್ಬಳೇ ಹೋದಳು.

"ಕಿವಿ ಹೋದ ವರ್ಷ ಇದ್ದ ಹಾಗೇ ಇದೆಯಲ್ಲಮ್ಮ" ಎಂದಳು ಹುಡುಗಿ.

"ಹಾಗಾದ್ರೆ ಈ ಯಂತ್ರ ಕೆಟ್ಟಿರಬೇಕು."

ಹುಡುಗಿ ಶ್ರವಣಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿದಳು. ಎಷ್ಟು ಹೊತ್ತು ಹಾಕಿಕೊಂಡಿದ್ದರು, ಧ್ವನಿ ಎಷ್ಟಿತ್ತು ಎಂಬ ಲೆಕ್ಕವೆಲ್ಲ ಅದರಲ್ಲೇ ಇರುತ್ತದಂತೆ. "ಯಂತ್ರ ಸರಿ ಇದೆ. ಆದ್ರೆ ದಿನಕ್ಕೆ ನಾಲ್ಕೈದು ಗಂಟೆ ಧ್ವನಿ ತೀರಾ ಕೆಳಗಿದೆ. ಫೋನಿಂದ ಇಳಿಸಿದ್ದು. ನೀವೇ ಇಳಿಸ್ತೀರಾ?"

ಫೋನು ಯಾರದ್ದು ಎಂದು ಅಕ್ಕ ಹೇಳಲಿಲ್ಲ. ತಿಳಿಯದೆ ಕೈ ತಾಗಿರಬಹುದು, ಜೇಬಿನಲ್ಲಿ ಒತ್ತಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಕೊನೆಗೆ, "ಇಳಿದ್ರೆ ನನಗೆ ಗೊತ್ತಾಗೋ ಹಾಗೆ ಮಾಡೋಕಾಗುತ್ತಾ?" ಎಂದು ಕೇಳಿದಳು. ಧ್ವನಿ ಒಂದೊಂದು ಹಂತ ಇಳಿದಾಗಲೂ ಕಿವಿಯಲ್ಲಿ ಟಿಕ್ ಎನ್ನುವಂತೆ ಹುಡುಗಿ ಮಾಡಿಕೊಟ್ಟಳು.

ಮರುದಿನ ಬೆಳಿಗ್ಗೆ ಅಕ್ಕ ಒಳಗೆ ಹೋಗದೆ ಮೇಜಿನ ಬಳಿಯೇ ಕೂತಳು. ಪರದೆ ಹೊಲಿಯುವ ಹೆಂಗಸು, ಇಪ್ಪತ್ತು ವರ್ಷದ ಗಿರಾಕಿ, ಯಂತ್ರ ಹೊತ್ತುಕೊಂಡು ಬಂದಳು. "ಅಯ್ಯೋ, ಅಕ್ಕ ಇದೀರಾ? ಇದನ್ನ ಸ್ವಲ್ಪ..."

ಟಿಕ್.

"...ಹೊಲಿಗೆ ಬಿಟ್ಟು ಬಿಟ್ಟು..."

ಟಿಕ್. ಟಿಕ್. ಟಿಕ್. ಹೆಂಗಸಿನ ತುಟಿ ಆಡುತ್ತಲೇ ಇತ್ತು, ಮಾತು ಬಾವಿಗಿಳಿದಂತೆ ಇಳಿಯುತ್ತ ಹೋಯಿತು. ಅಕ್ಕ ಪಕ್ಕಕ್ಕೆ ತಿರುಗಿದಳು. ತಮ್ಮ ಗಿರಾಕಿಯ ಮುಖ ನೋಡಿಕೊಂಡೇ ನಗುತ್ತ ತಲೆಯಾಡಿಸುತ್ತಿದ್ದ. ಮೇಜಿನ ಕೆಳಗೆ ಅವನ ತೊಡೆಯ ಮೇಲೆ ಫೋನು, ಫೋನಿನ ಮೇಲೆ ಹೆಬ್ಬೆರಳು. ನೋಡುವ ಅಗತ್ಯವೇ ಇಲ್ಲದಷ್ಟು ಪಳಗಿದ ಬೆರಳು.

"ಏರಿಸು" ಎಂದಳು ಅಕ್ಕ.

ಅವನು ಏನೋ ಅಂದ. ಕೇಳಿಸಲಿಲ್ಲ.

"ಇಳಿಸಿದ್ಯಲ್ಲ, ಅದನ್ನ ಏರಿಸು."

ಅವನ ಹೆಬ್ಬೆರಳು ಮತ್ತೆ ಆಡಿತು. ಅಂಗಡಿಯ ಸದ್ದೆಲ್ಲ ಒಂದೊಂದೇ ಮೆಟ್ಟಿಲು ಹತ್ತಿ ವಾಪಸು ಬಂತು. ಅಕ್ಕ ಪರದೆಯವಳ ಯಂತ್ರದ ಚಕ್ರ ತಿರುಗಿಸಿ ಕೇಳಿ, ಸೂಜಿ ತುಸು ಬಾಗಿದೆಯೆಂದು ಹೇಳಿ, ಬೇರೆ ಹಾಕಿಕೊಟ್ಟಳು. "ನಿಮಗೆ ಏನೂ ಕೇಳ್ಸಲ್ಲ, ಗಿರಾಕಿಗಳು ಬಂದ್ರೆ ಬೇಜಾರು ಮಾಡ್ಕೋತೀರಿ ಅಂದಿದ್ರು ನಿಮ್ಮ ತಮ್ಮ. ಅದಕ್ಕೇ ನಾನು ಒಳಗೆ ಬಂದು ಮಾತಾಡಿಸಿರಲಿಲ್ಲ" ಎಂದು ಹೇಳಿ ಆಕೆ ಹೋದಳು.

ಅಕ್ಕ ಬಾಗಿಲು ಅರ್ಧ ಎಳೆದಳು. "ಯಾಕೋ?"

ಅವನು ಸ್ಕ್ರೂಡ್ರೈವರನ್ನು ಬೆರಳಲ್ಲಿ ಹೊರಳಿಸಿದ. "ಮೂವತ್ತು ವರ್ಷ ನೀನು ಗಿರಾಕಿಗಳ ಎದುರೇ ನನ್ನ ತಪ್ಪು ತಿದ್ದಿದೆ. ನನಗೂ ತಲೆ ನರೆತಿದೆ ಅಕ್ಕ. ಒಬ್ಬನಾದ್ರೂ ಬಂದು ನನ್ನ ಕೇಳಲಿ ಅನ್ನಿಸ್ತು."

"ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ದೆ. ಎಷ್ಟೋ ಸಲ ಹೇಳಿದ್ದೆ. ನಿನ್ನ ಕಿವಿ ಸರಿ ಇದ್ದಾಗಲೇ ಅದು ನಿನಗೆ ಕೇಳಿಸ್ಲಿಲ್ಲ."

ಆ ಮಾತು ಸುಳ್ಳಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಅದನ್ನು ನುಂಗಿಕೊಂಡಳು. ನುಂಗಲಾಗದ್ದು ಇನ್ನೊಂದಿತ್ತು.

"ಅದು ನನ್ನ ತಪ್ಪೇ ಇರ್ಲಿ. ಆದ್ರೆ ಅವತ್ತು ನಾನು ಒಳಗೆ ಅಳ್ತಾ ಕೂತಿದ್ದಾಗ ನೀರು ತಂದುಕೊಟ್ಟೆಯಲ್ಲ. ಆಗಲೂ ಫೋನು ನಿನ್ನ ಜೇಬಲ್ಲೇ ಇತ್ತು."



ಅದೇ ದಿನ ಮಧ್ಯಾಹ್ನ ಅವಳು ಹೊಸ ಫೋನು ಕೊಂಡು, ಕಿವಿ ತಪಾಸಣೆಯ ಹುಡುಗಿಯ ಬಳಿ ಹೋಗಿ, ತಮ್ಮನ ಫೋನಿನ ಹಿಡಿತ ತೆಗೆಸಿದಳು. ಅಪ್ಪ ಕೊಟ್ಟ ಹತಾರಗಳಲ್ಲಿ ತನ್ನ ಪಾಲಿನದನ್ನು ಚೀಲಕ್ಕೆ ತುಂಬಿಕೊಂಡು ಬಂದು ತನ್ನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿದಳು. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆ, "ಓಡಾಟ ಆಗಲ್ಲ" ಎಂದಷ್ಟೇ ಹೇಳಿದಳು. ತಮ್ಮನ ಹೆಸರಿಗೆ ಮಸಿ ಬಳಿಯಲು ಮನಸ್ಸು ಬರಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಮನೆ ಹುಡುಕಿಕೊಂಡು ಬಂದರು. ಕೆಲವರು ಅಂಗಡಿಯಲ್ಲೇ ಉಳಿದರು. ಅಲ್ಲೀಗ ಎಲ್ಲರೂ ತಮ್ಮನನ್ನೇ ಕೇಳುತ್ತಾರೆ.

ತನ್ನ ಕೈಗೆ ಬಗ್ಗದ ಯಂತ್ರ ಸಿಕ್ಕಾಗ ತಮ್ಮ ಅದನ್ನು ತಾನೇ ಹೊತ್ತು ತರುತ್ತಾನೆ. "ಅಂಗಡಿಗೆ ಬಾ ಅಕ್ಕ" ಎಂದು ಎರಡು ಸಲ ಕರೆದ, ಮೂರನೆಯ ಸಲ ಕರೆಯಲಿಲ್ಲ. ಅವಳು ಯಂತ್ರದ ಸದ್ದು ಕೇಳಿ, ಎಲ್ಲಿ ಕೆಟ್ಟಿದೆಯೆಂದು ಬಿಡಿಸಿ ಹೇಳುತ್ತಾಳೆ, ಅವನು ತಲೆಯಾಡಿಸುತ್ತಾನೆ. ಮಾತು ಯಂತ್ರದಿಂದಾಚೆ ಹೋಗುವುದಿಲ್ಲ. ಅವನು ನಿಂತೇ ಇರುತ್ತಾನೆ, ಕೂತ್ಕೋ ಎಂದು ಅವಳು ಹೇಳುವುದಿಲ್ಲ.