ಬೂಬಣ್ಣನ ಊಟ ಮುಗಿಯುವವರೆಗೆ

ಆಟಿ ಅಮಾವಾಸ್ಯೆಯ ಬೆಳಿಗ್ಗೆ, ನೆದರ್ಲೆಂಡ್ಸಿನ ವೆಲ್ಡ್‌ಹೋವನ್ನಿನ ಸಾಲುಮನೆಯೊಂದರ ಮಹಡಿಯಲ್ಲಿ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಉಮಾವತಿಯಮ್ಮ ಕೂತಿದ್ದರು. ಕೆಳಗೆ ಕಾರಿನ ಡಿಕ್ಕಿ ಮುಚ್ಚಿದ ಸದ್ದು. ಏಳಕ್ಕೆ ಹೊರಡಬೇಕೆಂದು ಮಗನ ಅಪ್ಪಣೆ. ಇನ್ನು ಹತ್ತೇ ನಿಮಿಷ.

ಮಗ ಲತೀಶ್ ಕೆಟ್ಟವನಲ್ಲ. ಅಪ್ಪ ಹೋದ ಮೇಲೆ ಅಮ್ಮನ ಮುಖದಲ್ಲಿ ಗೆಲುವಿಲ್ಲವೆಂದು ಉಡುಪಿಯಿಂದ ಕರೆಸಿಕೊಂಡ. ಆಲ್ಪ್ಸ್ ಬೆಟ್ಟಗಳ ನಡುವೆ ಐದು ದಿನ ಕಾರಿನಲ್ಲಿ ಸುತ್ತಿಸುತ್ತೇನೆಂದ. ಸುತ್ತಿಸಿದ್ದರೆ ಸಾಕಿತ್ತು. ದಾರಿಯಲ್ಲೇ ಸಿಗುತ್ತದೆಂದು ಒಂದು ಕೋಟೆ ಸೇರಿಸಿದ. ಅಷ್ಟು ದೂರ ಹೋಗಿ ಬಿಡುವುದುಂಟೇ ಎಂದು ಇನ್ನೊಂದು. ಹೀಗೆ ಕೋಟೆ ಏಳಾದವು. ಒಂದೊಂದಕ್ಕೂ ಒಳಹೋಗುವ ಗಳಿಗೆ ಮೊದಲೇ ಬುಕ್ ಆಗಿತ್ತು. ಊಟಕ್ಕೆ ಇಪ್ಪತ್ತು ನಿಮಿಷ, ಶೌಚಕ್ಕೆ ಹತ್ತು. ಆ ಪಟ್ಟಿಯನ್ನು ಅವನು ಓದುತ್ತಿದ್ದರೆ, ತನ್ನ ಸುತ್ತ ಯಾರೋ ಒಂದೊಂದೇ ಸರಳು ನೆಡುತ್ತಿದ್ದಾರೆ ಅನ್ನಿಸಿತ್ತು ಉಮಾವತಿಯಮ್ಮನಿಗೆ. "ನಿಮಗೋಸ್ಕರವೇ ಅಮ್ಮ" ಎಂದನಲ್ಲ, ಅದೇ ಬೀಗ. ಪ್ರೀತಿಯಿಂದ ಹಾಕಿದ ಬೀಗಕ್ಕೆ ಕೀಲಿಕೈ ಎಲ್ಲಿ ಹುಡುಕುವುದು?

ಗಂಡ ಬೂಬಣ್ಣ ಹಿರಿಯರ ಸಾಲು ಸೇರಿದ ಮೇಲೆ ಬಂದ ಮೊದಲ ಆಟಿ ತಿಂಗಳು ಇದು. ತುಳುನಾಡಿನ ಮನೆಗಳಲ್ಲಿ ಈಗ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಾರೆ. ಬಡಿಸಿ, ಬಾಗಿಲೆಳೆದು, ಹೊರಗೆ ಕಾಯುತ್ತಾರೆ. ಅವರು ಉಂಡೇಳುವ ತನಕ ತೆರೆಯುವಂತಿಲ್ಲ. ತೆರೆದರೆ ಅರ್ಧ ಊಟದಲ್ಲಿ ಎಬ್ಬಿಸಿದ ಹಾಗೆ. ಮಗನಿಗೆ ಹೇಳಿದರೆ ಆಸೆಪಟ್ಟು ಹೊಂದಿಸಿದ ಪ್ರಯಾಣವನ್ನೇ ಕೈಬಿಟ್ಟಾನು ಎಂದು ಉಮಾವತಿಯಮ್ಮ ಬಾಯಿ ಬಿಡಲಿಲ್ಲ. ಐದಕ್ಕೇ ಎದ್ದು ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿದರು. ಈ ಮನೆಯ ಅಡುಗೆಮನೆಗೆ ಬಾಗಿಲೇ ಇಲ್ಲ. ಒಲೆ, ಸೋಫಾ, ಟಿವಿ ಎಲ್ಲ ಒಂದೇ ಬಯಲು. ಹಾಗಾಗಿ ಮಹಡಿಯ ಸಣ್ಣ ಕೋಣೆಯಲ್ಲಿ ಎಲೆ ಹಾಕಿ, ಕುಚ್ಚಲಕ್ಕಿ ಅನ್ನ ಬಡಿಸಿ, ಕೈಮುಗಿದು ಬಾಗಿಲೆಳೆದರು. ಪಾಸ್‌ಪೋರ್ಟುಗಳ ಚೀಲ ಅಲ್ಲೇ ಉಳಿದದ್ದು ಆಮೇಲೆ ನೆನಪಾಯಿತು.

ಲತೀಶ್ ಎರಡೆರಡು ಮೆಟ್ಟಿಲು ಹಾರಿ ಬಂದ. "ಎಂತ ಅಮ್ಮ, ಇಲ್ಲಿ ಕೂತದ್ದು? ಏಳಿ, ಪಾಸ್‌ಪೋರ್ಟ್ ಒಳಗೆ ಉಂಟು."

"ಸ್ವಲ್ಪ ನಿಲ್ಲು ಮಗ."

"ನಿಲ್ಲುವುದೆಂತ! ನಾಲ್ಕೂವರೆಗೆ ಫಸ್ಟ್ ಕ್ಯಾಸಲ್ ಸ್ಲಾಟ್. ಲೇಟಾದರೆ ಒಳಗೆ ಬಿಡುವುದಿಲ್ಲ."

ಅವನ ಕೈ ಹಿಡಿಕೆಗೆ ಹೋಯಿತು. ಉಮಾವತಿಯಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದರು.

"ತೆಗೀಬೇಡ. ಒಳಗೆ ನಿನ್ನಪ್ಪ ಉಣ್ತಾ ಇದ್ದಾರೆ."

ಕೆಳಗಿನಿಂದ ಸೊಸೆ ದೀಕ್ಷಿತಾಳ ದನಿ ಬಂತು: "ಮೀನಿನ ಪರಿಮಳ ಬಂದಾಗಲೇ ನನಗೆ ಡೌಟಿತ್ತು. ಇವತ್ತು ಅಮಾವಾಸ್ಯೆ ಅಲ್ವಾ ಅತ್ತೆ? ರೀ, ನಿಮ್ಮ ಎಕ್ಸೆಲ್ ಶೀಟಲ್ಲಿ ಅದಕ್ಕೆ ಕಾಲಂ ಇಲ್ವಾ?"

ಲತೀಶ್ ಹಿಡಿಕೆಯಿಂದ ಕೈ ತೆಗೆಯಲಿಲ್ಲ. ಉಮಾವತಿಯಮ್ಮ ಕಣ್ಣು ಮುಚ್ಚಿದರು. ದೇವರೇ, ಹೆತ್ತ ಮಗನ ಕೈಯಿಂದಲೇ ಅವರನ್ನು ಎಬ್ಬಿಸಬೇಡ.

"ಎಷ್ಟು ಹೊತ್ತು?" ಎಂದ ಕೊನೆಗೆ.

"ಬಂಗುಡೆ. ಮುಳ್ಳು ಬಿಡಿಸಿ ಉಣ್ಣಬೇಕಲ್ಲ? ನಿನ್ನಪ್ಪ ಮೊದಲೇ ನಿಧಾನ."

"ಕೋಳಿಯಾದರೂ ಮಾಡ್ಲಿಕ್ಕಾಗ್ಲಿಲ್ವಾ ನಿಮಗೆ!"

ಹೇಳಿದವನು ಹಿಡಿಕೆ ಬಿಟ್ಟು, ಅಮ್ಮನ ಕಾಲಬುಡದ ಮೆಟ್ಟಿಲಲ್ಲಿ ಕೂತ. ಫೋನು ತೆಗೆದು ಮೊದಲ ಕೋಟೆಯನ್ನು ಅಳಿಸಿದ. ದೀಕ್ಷಿತಾ ಮೇಲೆ ಬಂದು ಅವನ ಪಕ್ಕ ಜಾಗ ಮಾಡಿಕೊಂಡಳು. ಆ ಕಡಿದಾದ ಮೆಟ್ಟಿಲಲ್ಲಿ ಮೂವರೂ ಒತ್ತಿಕೊಂಡು ಕೂತರು. ಗಡಿಯಾರ ಏಳು ದಾಟಿತು, ಏಳೂವರೆ ದಾಟಿತು.

"ಅಮ್ಮ," ಎಂದ ಲತೀಶ್ ಮೆಲ್ಲಗೆ, "ಅಪ್ಪ ಯಾವಾಗಲೂ ಎರಡನೇ ಸಲ ಅನ್ನ ಹಾಕಿಸಿಕೊಳ್ತಿದ್ರಲ್ಲ. ಜಾಸ್ತಿ ಬಡಿಸಿದ್ದೀರಾ?"

"ಬಡಿಸಿದ್ದೇನೆ ಮಗ."

"ಹಾಗಾದರೆ ನಾಳೆ ಬೆಳಗ್ಗಿನ ಕ್ಯಾಸಲ್ಲೂ ಹೋಯ್ತು," ಎಂದು ಅದನ್ನೂ ಅಳಿಸಿದ. ಪಟ್ಟಿಯಲ್ಲಿ ಇನ್ನೂ ಐದಿದ್ದವು.